ಕರಿಹಲಗೆಯ ಮೂಲೆಯ ತಾರೀಖು

ಕಳೆದ ದಸರಾ ರಜೆಯಲ್ಲಿ ತಂಗಿಯ ಮಗನ ಹೊಸ ಕಾರಿನಲ್ಲಿ ಶಿವಮೊಗ್ಗದಿಂದ ಭದ್ರಾವತಿಗೆ, ಅಮ್ಮನನ್ನು ನೋಡಲು ಹೊರಟೆ. ಅವಸರ ನನ್ನದೇ. ಆದರೂ ಹುಡುಗ ವೇಗ ಹೆಚ್ಚಿಸಿದಾಗ ಸುಮ್ಮನಿರಲಾಗಲಿಲ್ಲ. "ಮುಳ್ಳು ಎಂಬತ್ತು ದಾಟ್ತಿದೆ, ನಿಧಾನ ಹೋಗೋ" ಎಂದೆ.

"ಅದು ಮುಳ್ಳಲ್ಲ ದೊಡ್ಡಮ್ಮ, ಮುಳ್ಳಿನ ಚಿತ್ರ" ಎಂದು ನಕ್ಕ.

ನೋಡಿದರೆ ನಿಜವೇ. ಅಲ್ಲಿ ಮುಳ್ಳೂ ಇಲ್ಲ, ಅಂಕಿಗಳ ತಟ್ಟೆಯೂ ಇಲ್ಲ. ಇರುವುದೊಂದು ಪರದೆ. ಅದರ ಮೇಲೆ ಸೆಕೆಂಡಿಗೆ 60 ಸಲ ಮುಳ್ಳನ್ನು ಹೊಸದಾಗಿ ಬರೆಯಲಾಗುತ್ತದೆ. ಅವನು ಬೆಂಗಳೂರಿನಲ್ಲಿ ಮಾಡುವುದು ಇಂಥ ಪರದೆಗಳಿಗೆ ಪ್ರೋಗ್ರಾಂ ಬರೆಯುವ ಕೆಲಸವೇ. ನನ್ನಂಥ ಬಿ.ಎ., ಬಿ.ಎಡ್. ಟೀಚರಿಗೂ ತಿಳಿಯುವಂತೆ ದಾರಿಯುದ್ದಕ್ಕೂ ಹೇಳಿದ.

ಚಿತ್ರ ಬರೆಯುವುದಕ್ಕೆ ಎರಡು ದಾರಿಗಳಂತೆ. ಎಲ್ಲ ಲೆಕ್ಕಾಚಾರ ನೋಡಿಕೊಳ್ಳುವ ಮುಖ್ಯ ಪ್ರೊಸೆಸರೇ ಕೂತು ಒಂದೊಂದು ಚುಕ್ಕೆಗೂ ಬಣ್ಣ ತುಂಬುವುದು ಒಂದು. ಅಡುಗೆ, ನೀರು, ಮಕ್ಕಳ ಜಡೆ ಎಲ್ಲ ಮುಗಿಸಿ ಅಂಗಳದ ರಂಗೋಲಿಯನ್ನೂ ನಾವೇ ಹಾಕಿದ ಹಾಗೆ. ಚಿತ್ರಕ್ಕೆಂದೇ ಬೇರೆ ಚಿಪ್ ಇಡುವುದು ಇನ್ನೊಂದು. ಅದರೊಳಗೆ ಒಂದೇ ಬಗೆಯ ಸಣ್ಣ ಕೆಲಸ ಮಾಡುವ ಅನೇಕ ಕೈಗಳು ಒಟ್ಟಿಗೆ ದುಡಿಯುತ್ತವೆ. ಶಾಲೆಯ ವಾರ್ಷಿಕೋತ್ಸವಕ್ಕೆ ಹುಡುಗಿಯರನ್ನು ಸಾಲಾಗಿ ಕೂರಿಸಿ ಒಬ್ಬೊಬ್ಬಳಿಗೆ ಒಂದೊಂದು ಎಸಳು ಒಪ್ಪಿಸಿದರೆ ಮೈದಾನದ ತುಂಬ ರಂಗೋಲಿ ಗಳಿಗೆಯಲ್ಲಿ ಏಳುವುದಿಲ್ಲವೇ, ಹಾಗೆ.

ನಿಮಗೆ ಸಿಂಪ್ಯೂಟರ್ ನೆನಪಿರಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಕಂಪನಿಯವರೂ ಸೇರಿ 2001ರ ಸುಮಾರಿಗೆ ರೂಪಿಸಿದ, ಅಂಗೈಯಲ್ಲಿ ಹಿಡಿಯುವ ಕಂಪ್ಯೂಟರ್. ಓದು ಬಾರದವರಿಗೂ ಅವರವರ ಭಾಷೆಯಲ್ಲಿ ಅದು ಓದಿ ಹೇಳಬೇಕೆಂಬುದು ಅವರ ಆಸೆಯಾಗಿತ್ತು. ಅದರ ಪರದೆ 320ಕ್ಕೆ 240, ಎಂದರೆ 76,800 ಚುಕ್ಕೆ. ಸೆಕೆಂಡಿಗೆ 20 ಕೋಟಿ 60 ಲಕ್ಷ ಬಡಿತದ ಪ್ರೊಸೆಸರು ಚಿತ್ರದ ಚಿಪ್‌ನ ನೆರವಿಲ್ಲದೆ ಒಂಟಿಯಾಗಿ ಅಷ್ಟನ್ನೂ ನಿಭಾಯಿಸುತ್ತಿತ್ತು. ನನ್ನೆದುರಿನ ಕಾರಿನ ಪರದೆ 1920ಕ್ಕೆ 720. ಅರವತ್ತು ಸಲ ಬರೆಯಬೇಕೆಂದರೆ ಸೆಕೆಂಡಿಗೆ 8 ಕೋಟಿ 29 ಲಕ್ಷ ಚುಕ್ಕೆ. ಚುಕ್ಕೆಗೆ ಹತ್ತೇ ಬಡಿತ ಸಾಕೆಂದುಕೊಂಡರೂ ಆ ಬಡಪಾಯಿ ನಾಲ್ಕು ಪಟ್ಟು ಓಡಬೇಕಿತ್ತು!

"ಹಾಗಾದ್ರೆ ಹಳೇ ದಾರಿ ಬಿಟ್ಟೇಬಿಟ್ರಾ?" ಎಂದೆ. ಇಲ್ಲವಂತೆ. ಬ್ರೇಕ್ ಕೆಟ್ಟರೆ ಹತ್ತಬೇಕಾದ ಕೆಂಪು ದೀಪವೂ ಈಗ ಅದೇ ಪರದೆಯ ಮೇಲಿನ ಚಿತ್ರ. ಚಿತ್ರದ ಚಿಪ್ಪೂ ಅದನ್ನು ನಡೆಸುವ ಪ್ರೋಗ್ರಾಮೂ ಎಷ್ಟು ದೊಡ್ಡವೆಂದರೆ, ಅವು ಎಲ್ಲಿಯೂ ತಪ್ಪುವುದಿಲ್ಲವೆಂದು ಯಾರೂ ಪ್ರಮಾಣ ಮಾಡಲಾರರು. ಹೀಗಾಗಿ ಕೆಲವರು ಕೆಂಪು ದೀಪಗಳನ್ನು ಮಾತ್ರ, ಸಾಲು ಸಾಲಾಗಿ ಓದಿ ನೋಡಬಹುದಾದ ಸಣ್ಣ, ನಿಧಾನದ ಪ್ರೋಗ್ರಾಮಿನಿಂದಲೇ ಬರೆಸುತ್ತಾರೆ. ಇನ್ನು ಕೆಲವರು ಚಿಪ್‌ಗೆ ಬರೆಯಲು ಬಿಟ್ಟು, ಆ ಜಾಗದ ಚುಕ್ಕೆಗಳ ಮೊತ್ತ ತೆಗೆದು, ಇರಬೇಕಾದ ಮೊತ್ತದೊಡನೆ ತಾಳೆ ನೋಡುತ್ತಾರೆ. ಕಾರಿನ ಇಂಥ ಸುರಕ್ಷತೆಗೆಂದು 2011ರಲ್ಲಿ ಐಎಸ್‌ಒ 26262 ಎಂಬ ನಿಯಮಾವಳಿಯೇ ಬಂದಿದೆ. "ಸರಿಯಾಗಿ ಬರೆದೆಯಾ ಅಂತ ಅದನ್ನೇ ಕೇಳೋ ಹಾಗಿಲ್ಲ ದೊಡ್ಡಮ್ಮ. ಪರದೆ ಮೇಲೆ ಏನು ಬಂತು ಅಂತ ನಾವೇ ನೋಡ್ಬೇಕು."

ಇದಕ್ಕಿಂತ ಅವನಿಗೆ ಹೆದರಿಕೆ ನಿಂತ ಚಿತ್ರದ್ದು. ಬರೆಯುವ ಕೈ ನಿಂತುಹೋದರೂ ಪರದೆ ಕಪ್ಪಾಗುವುದಿಲ್ಲ. ಮೆಮೊರಿಯಲ್ಲಿ ಕೊನೆಗೆ ಬರೆದಿಟ್ಟದ್ದನ್ನೇ ಮತ್ತೆ ಮತ್ತೆ ತೋರಿಸುತ್ತಿರುತ್ತದೆ. ಕಾರು ಹಿಂದಕ್ಕೆ ತೆಗೆಯುವಾಗ ನೋಡುವ ಕ್ಯಾಮರಾದ ಚಿತ್ರ ಹಾಗೆ ನಿಂತಿತೆನ್ನಿ. ಪರದೆಯಲ್ಲಿ ಬರಿದಾದ ಅಂಗಳ, ಅಂಗಳದಲ್ಲಿ ಈಗತಾನೇ ಓಡಿಬಂದ ಮಗು. ಅದಕ್ಕೇ ಪ್ರತಿ ಚಿತ್ರಕ್ಕೂ ಒಂದೊಂದೇ ಏರುವ ಸಂಖ್ಯೆ ಕಟ್ಟಿರುತ್ತಾರೆ. ಸಂಖ್ಯೆ ಏರದಿದ್ದರೆ ಪರದೆಯನ್ನೇ ಕಪ್ಪು ಮಾಡಿಬಿಡುತ್ತಾರೆ. ಕಪ್ಪು ಪರದೆ ಕಂಡವನು ಕತ್ತು ತಿರುಗಿಸಿಯಾದರೂ ನೋಡುತ್ತಾನೆ.

ಇದು ನನಗೆ ಗೊತ್ತಿರುವ ವಿಷಯವೇ. ಟೀಚರು ರಜೆ ಹಾಕಿದ ದಿನವೂ ಕರಿಹಲಗೆಯ ಮೇಲೆ ನಿನ್ನೆಯ ಪಾಠ ಹಾಗೇ ಇರುತ್ತದೆ. ತನಿಖೆಗೆ ಬಂದ ಜಾಣರು ಪಾಠ ನೋಡುವುದಿಲ್ಲ, ಮೂಲೆಯಲ್ಲಿ ಬರೆದ ತಾರೀಖು ನೋಡುತ್ತಾರೆ.

ಆಮೇಲೆ ಊರು ಬರುವವರೆಗೆ ನನಗೆ ಮಾತು ಹೊರಡಲಿಲ್ಲ. ನಾಲ್ಕು ವರ್ಷದ ಹಿಂದೆ ಅಮ್ಮನ ಕಾಲಿನ ಎರಡು ಬೆರಳು ತೆಗೆಯಬೇಕಾಯಿತು. ಸಕ್ಕರೆ ಕಾಯಿಲೆ, ಚಪ್ಪಲಿ ಕಚ್ಚಿದ ಒಂದು ಗಾಯ. ಎರಡು ತಿಂಗಳು ಅದನ್ನು ಯಾರಿಗೂ ಹೇಳಿರಲಿಲ್ಲ. ನಡುವೆ ಒಮ್ಮೆ ನಾನು ಹೋದಾಗಲೂ ಸೀರೆಯ ನೆರಿಗೆ ಇಳಿಬಿಟ್ಟು ಮುಚ್ಚಿದ್ದಳು. ಫೋನು ಮಾತ್ರ ಪ್ರತಿ ರಾತ್ರಿ ಮಾಡುತ್ತಿದ್ದೆ. ಪ್ರತಿ ರಾತ್ರಿಯೂ "ಚೆನ್ನಾಗಿದೀನಿ".

ಅಮ್ಮ ಸುಳ್ಳು ಹೇಳಿದಳೇ? ಮಗಳಿಗೆ ತೊಂದರೆ ಬೇಡವೆಂದು ಆಡಿದ ಮಾತು ಸುಳ್ಳಾದರೆ ನಮ್ಮ ಮನೆಗಳ ಹೆಂಗಸರಲ್ಲಿ ಸತ್ಯವಂತರು ಯಾರೂ ಉಳಿಯುವುದಿಲ್ಲ. ಮುಖ ಬಾಡದಂತೆ ನೋಡಿಕೋ ಎಂದು ಹೇಳಿಯೇ ನಮ್ಮನ್ನು ಬೆಳೆಸಿದ್ದು. ಪರದೆ ಕಪ್ಪು ಮಾಡುವ ವಿದ್ಯೆಯನ್ನು ಯಾರೂ ಕಲಿಸಲಿಲ್ಲ.

ಆದರೆ ಅವಳೊಬ್ಬಳ ಮೇಲೆ ಹೊರಿಸಿ ನಾನು ಪಾರಾಗಲಾರೆ. ಮೊದಲೆಲ್ಲ ಫೋನಿನಲ್ಲಿ ಎಷ್ಟು ಸುದ್ದಿ! ಸಂತೆಯಲ್ಲಿ ಬದನೆಯ ಬೆಲೆ, ದೇವಸ್ಥಾನದಲ್ಲಿ ಸಿಕ್ಕವರ ಮಗಳ ಬಾಣಂತನ, ಯಾರದೋ ಬೇಲಿಯ ಜಗಳ. ಕಾಲು ಊರಲಾಗದವಳಿಗೆ ಹೊರಗಿನ ಸುದ್ದಿ ಎಲ್ಲಿಂದ ಬರಬೇಕು? "ಚೆನ್ನಾಗಿದೀನಿ, ನಿಂದು ಊಟ ಆಯ್ತಾ" ಇಷ್ಟೇ ಉಳಿದಿತ್ತು. ಸಂಖ್ಯೆ ಏರುವುದು ನಿಂತು ಎಷ್ಟೋ ದಿನವಾಗಿತ್ತು. ಉತ್ತರಪತ್ರಿಕೆ ತಿದ್ದುವ ಕಾಲ. ಮಾತು ಬೇಗ ಮುಗಿಯಿತಲ್ಲ ಎಂದು ನನಗೆ ಒಳಗೊಳಗೇ ಹಾಯೆನಿಸಿತ್ತು. ಗಾಯ ಕಾಣದ್ದಕ್ಕಿಂತ ಈ ಹಾಯೆನಿಸಿದ್ದೇ ಇಂದಿಗೂ ಚುಚ್ಚುತ್ತದೆ.

ಅಂದಿನಿಂದ 'ಹೇಗಿದ್ದೀಯ' ಎಂದು ಕೇಳುವುದನ್ನೇ ಬಿಟ್ಟೆ. 'ಇವತ್ತು ಏನು ಸಾರು' ಎಂದು ಕೇಳುತ್ತೇನೆ. ಈ ರಜೆಯಲ್ಲಿ ಮೂರು ರಾತ್ರಿ ಒಂದೇ ಉತ್ತರ ಬಂತು: ಹುರುಳಿಕಟ್ಟಿನ ಸಾರು. ನಾಲ್ಕನೆಯ ಬೆಳಿಗ್ಗೆ ಹುಡುಗನನ್ನು ಎಬ್ಬಿಸಿ ಕಾರು ತೆಗೆಸಿದ್ದೆ.

ಅಮ್ಮ ಕೋಲೂರಿಕೊಂಡು ತಾನೇ ಬಂದು ಬಾಗಿಲು ತೆಗೆದಳು. ಒಲೆಯ ಮೇಲೆ ಹುರುಳಿಕಟ್ಟು ಕುದಿಯುತ್ತಿತ್ತು. "ನಾಲ್ಕು ದಿನ ಕುದಿಸದೆ ಅದಕ್ಕೆ ರುಚಿ ಎಲ್ಲಿಂದ ಬರುತ್ತೆ? ಇಷ್ಟಕ್ಕೇ ಓಡಿ ಬಂದ್ಯಾ?" ಎಂದು ನಕ್ಕಳು. "ಸುಳ್ಳು ಎಚ್ಚರಿಕೆ ನಮ್ಮಲ್ಲೂ ಬರ್ತಿರ್ತವೆ ಅಜ್ಜಿ" ಎಂದು ಅವನೂ ನಕ್ಕ.

ಬಡಿಸುತ್ತ ಅಮ್ಮ ನನ್ನ ಮುಖವನ್ನೇ ನೋಡಿದಳು. "ನಿನ್ನ ಕಣ್ಣು ಯಾಕೆ ಹೀಗೆ ಬಾಡಿದೆ?"

"ಏನಿಲ್ಲಮ್ಮ, ಚೆನ್ನಾಗಿದೀನಿ" ಎಂದುಬಿಟ್ಟೆ.