ಮಹತ್ವ ಬೇರೆ, ಆದರ ಬೇರೆ

“ಇಷ್ಟು ಮುಖ್ಯ ಅದ, ನೆನಪ ಇಟ್ಕೊಳ್ಳಾಕ ಬರಲ್ಲೇನಬೇ?” ಸುರಪುರದ ರಂಗಂಪೇಟೆಯ ಮುದುಕಿಯೊಬ್ಬಳು ಆಧಾರ್ ನಂಬರ್ ಹೇಳಲಾರದೆ ನಿಂತರೆ ಕೌಂಟರಿನ ಆಚೆಯಿಂದ ಬರುವ ಮಾತಿದು. ಮುಖ್ಯವಾದದ್ದು ತಾನಾಗಿಯೇ ನೆನಪಿರುತ್ತದೆ, ಮರೆತವರಿಗೆ ಕಾಳಜಿಯಿಲ್ಲ ಎಂಬ ತೀರ್ಪು ಅದರಲ್ಲಿ ಅಡಗಿದೆ. ಅನ್ಯಾಯದ ತೀರ್ಪು. ತನ್ನ ಎಮ್ಮೆ ಯಾವ ಅಮಾವಾಸ್ಯೆಯ ಮರುದಿನ ಈಯಿತೆಂದು ಅದೇ ಮುದುಕಿ ತಡವರಿಸದೆ ಹೇಳಬಲ್ಲಳು.

ನೆನಪು ಸಂಸ್ಕಾರದಿಂದ, ಅಂದರೆ ಅನುಭವ ಬಿಟ್ಟುಹೋಗುವ ಅಚ್ಚಿನಿಂದ, ಹುಟ್ಟುತ್ತದೆ ಎಂದವರು ವೈಶೇಷಿಕ ದರ್ಶನದವರು. ಆ ಸಂಸ್ಕಾರ ಬಲವಾಗಲು ಅವರ ಆಚಾರ್ಯ ಪ್ರಶಸ್ತಪಾದ ಮೂರು ದಾರಿ ಹೇಳುತ್ತಾನೆ. ಒಂದು ಪಟುತ್ವ, ಅಂದರೆ ಅನುಭವದ ತೀಕ್ಷ್ಣತೆ: ದಕ್ಷಿಣದವನೊಬ್ಬ ಮೊದಲ ಸಲ ಒಂಟೆ ಕಂಡಂತೆ, ಬೆರಗಿನಿಂದಲೇ ಅಚ್ಚೊತ್ತುವುದು. ಇನ್ನೊಂದು ಅಭ್ಯಾಸ: ವಿದ್ಯೆ, ಶಿಲ್ಪ, ವ್ಯಾಯಾಮಗಳಲ್ಲಿ ಆಗುವಂಥದು. ಮೂರನೆಯದು ಆದರ. ಅಪೂರ್ವವಾದದ್ದನ್ನು ನೋಡಲೇಬೇಕೆಂದು ಮನಸ್ಸನ್ನು ಕಣ್ಣಿನಲ್ಲಿ ನೆಟ್ಟು ಕಾಯುವವನಿಗೆ ಅದು ಮಿಂಚಿನಂತೆ ಕಂಡರೂ ಉಳಿಯುತ್ತದೆ. ದೇವಸರೋವರದ ಹೊನ್ನಿನ, ಬೆಳ್ಳಿಯ ತಾವರೆಗಳು ಅವನು ಕೊಡುವ ಉದಾಹರಣೆ.

ಈ ಮೂರರಲ್ಲಿ ಮಹತ್ವದ ಹೆಸರಿಲ್ಲ ಎಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ. ಮಹತ್ವವನ್ನು ಇನ್ನೊಬ್ಬರು ಹೊರಿಸಬಹುದು, ಆದರವನ್ನು ಹೊರಿಸಲಾಗದು. ಆಧಾರಿನ 12 ಅಂಕಿಗಳ ಮಹತ್ವ ಕಚೇರಿಗೆ ಸೇರಿದ್ದು; ಆ ಮುದುಕಿ ಅವುಗಳ ಜೊತೆ ಬದುಕಿಲ್ಲ, ಎಮ್ಮೆಯ ಜೊತೆ ಬದುಕಿದ್ದಾಳೆ. 1858 ಎಂಬ ಇಸವಿಯನ್ನು ಅಂಕಕ್ಕಾಗಿ ಉರುಹೊಡೆದ ಹುಡುಗನಿಗೆ ಮುಖ್ಯವಾದದ್ದು ಅಂಕ, ಆ ವರ್ಷ ಬ್ರಿಟಿಷರಿಗೆ ಸೋತ ಸುರಪುರದ ಅರಸ ವೆಂಕಟಪ್ಪ ನಾಯಕನಲ್ಲ. ಪರೀಕ್ಷೆ ಮುಗಿದ ಮೇಲೆ ಇಸವಿ ಹೋದರೆ ಹುಡುಗನನ್ನು ದೂರಿ ಫಲವಿಲ್ಲ. ಮಹತ್ವಕ್ಕೆ ಮನಸ್ಸನ್ನು ವಸ್ತುವಿನ ಕಡೆ ತಿರುಗಿಸುವ ಶಕ್ತಿ ಇದೆ, ಇಲ್ಲವೆನ್ನುವುದಿಲ್ಲ. ತಿರುಗಿದ ಮನಸ್ಸು ಅಲ್ಲಿ ನಿಲ್ಲುವುದು ಮಾತ್ರ ಆದರದಿಂದ.

ಜರ್ಮನ್ ತತ್ತ್ವಜ್ಞಾನಿ ನೀಚೆ ಇದನ್ನು ಒಪ್ಪುತ್ತಿರಲಿಲ್ಲ. ನೋಯುತ್ತಲೇ ಇರುವುದು ಮಾತ್ರ ನೆನಪಿನಲ್ಲಿ ಉಳಿಯುತ್ತದೆ ಎಂಬುದು 1887ರ ತನ್ನ ನೀತಿವಿಚಾರದ ಪುಸ್ತಕದಲ್ಲಿ ಅವನ ವಾದ. ಬೆತ್ತ ಹಿಡಿದ ಮೇಷ್ಟ್ರಿಗೆ ಪ್ರಿಯವಾಗಬಹುದಾದ ಈ ವಾದ ನನಗೆ ಹಿಡಿಸದು. ನೋವು ಪಟುತ್ವದ ಒಂದು ಬಗೆ, ಅಷ್ಟೇ. ಅದನ್ನೇ ಇಡೀ ನೆನಪೆಂದು ಅವನು ಹಿಗ್ಗಿಸಿದ. ಸುರಪುರವನ್ನೇ ನೋಡಿ. 1858ರಲ್ಲಿ ಈ ಸಂಸ್ಥಾನ ಬ್ರಿಟಿಷರ ಎದುರು ಸೋತಿತು, ತನ್ನ ಅರಸನನ್ನೂ ಕಳೆದುಕೊಂಡಿತು. ಗಾಯವೊಂದೇ ನೆನಪನ್ನು ಕೊರೆಯುವುದಾದರೆ ಇಲ್ಲಿ ಹಗೆಯಷ್ಟೇ ಉಳಿಯಬೇಕಿತ್ತು. ಬಾಲಕ ವೆಂಕಟಪ್ಪನ ಕಾಲದಲ್ಲಿ ಸಂಸ್ಥಾನದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಕೂಡ ಗೆದ್ದವರ ಕಡೆಯವನೇ. ಆದರೂ ಗುಡ್ಡದ ಮೇಲಿನ ಅವನ ಬಂಗಲೆಯನ್ನು ಊರು ಇಂದಿಗೂ ಟೇಲರ್ ಮಂಜಿಲ್ ಎಂದೇ ಕರೆಯುತ್ತದೆ.