ಮಾರುವವನ ಮೌನ

ಸುಳ್ಳಾಡಬಾರದೆಂಬುದು ಎಲ್ಲರೂ ಒಪ್ಪಿದ ಮಾತು. ಆದರೆ ಗೊತ್ತಿದ್ದುದನ್ನು ಹೇಳದೆ ಸುಮ್ಮನಿರುವುದೂ ಸುಳ್ಳಾಗುತ್ತದೆಯೇ? ಈ ಪ್ರಶ್ನೆ ನನಗೆ ಎದುರಾದದ್ದು ಯಾವ ಧರ್ಮಗ್ರಂಥದಲ್ಲಿಯೂ ಅಲ್ಲ. ಒಂದು ಹಳೆಯ ಮೋಟಾರ್ ಸೈಕಲಿನ ಮಗ್ಗುಲಲ್ಲಿ.

ನಾಲ್ಕು ವರ್ಷದ ಕೆಳಗೆ ಬೆಂಗಳೂರಿನಲ್ಲಿ ಅದನ್ನು ಕೊಂಡೆ. ವೇಗಕ್ಕೂ ದೂರ ಪ್ರಯಾಣಕ್ಕೂ ಒಗ್ಗುವ ಜಾತಿಯದು: ಎದೆಗೆ ಗಾಳಿ ಬಡಿಯದಂತೆ ಮುಂದೆ ಹೊದಿಕೆ, ಬೆನ್ನು ನೋಯದಷ್ಟು ಎತ್ತರದ ಹ್ಯಾಂಡಲ್, ಹಿಂದೆ ಇನ್ನೊಬ್ಬರು ಸುಖವಾಗಿ ಕೂರುವಂಥ ಸೀಟು. ಹೊಸದನ್ನು ಕೊಳ್ಳುವ ಶಕ್ತಿ ನನಗಿರಲಿಲ್ಲ. ಮಾರುವವರು ಮರ್ಯಾದಸ್ಥರು, ಕಾಫಿ ಕೊಟ್ಟು ಉಪಚರಿಸಿದರು. ನಾನೂ ಬಲ್ಲಷ್ಟು ಪರೀಕ್ಷೆ ಮಾಡಿದೆ. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. ಅವನ್ನು ಓದಿ ಟೈರಿನ ವಯಸ್ಸು ತಿಳಿದೆ. ಚೈನು ಓಡುವ ಚಕ್ರದ ಹಲ್ಲು ಸವೆದಿರಲಿಲ್ಲ. ಆರ್.ಸಿ., ವಿಮೆ ಸರಿಯಾಗಿದ್ದವು. ಫಾರಂ 29, 30ಕ್ಕೆ ಸಹಿಯೂ ಆಯಿತು. "ಎಲ್ಲಿಯಾದರೂ ಬಿದ್ದಿತ್ತೆ?" ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ತಿಂಗಳ ಮೇಲೆ ಮೆಕ್ಯಾನಿಕ್ಕು ಮುಂದಿನ ಫೋರ್ಕನ್ನು ಬಿಚ್ಚಿ ತೋರಿಸಿದ. "ಬಾಗಿದ್ದನ್ನು ಒತ್ತಿ ನೆಟ್ಟಗೆ ಮಾಡಿದ್ದಾರೆ ಸಾರ್. ಜೋರಾಗಿ ಹೋಗಬೇಡಿ" ಎಂದ.

ಸಿಟ್ಟಿನಲ್ಲಿ ಕಾನೂನಿನ ಪುಸ್ತಕ ತೆಗೆದೆ. 1872ರ ಭಾರತೀಯ ಕರಾರು ಕಾಯಿದೆಯ 17ನೆಯ ಕಲಮಿನ ಕೆಳಗೆ ಒಂದು ಕುದುರೆಯ ಉದಾಹರಣೆಯಿದೆ. ಊನವುಳ್ಳ ಕುದುರೆಯನ್ನು ಹರಾಜಿನಲ್ಲಿ ಮಾರುವವನು ಊನವನ್ನು ತಿಳಿದೂ ಸುಮ್ಮನಿದ್ದರೆ ಅದು ವಂಚನೆಯಲ್ಲ. ಕೊಳ್ಳುವವಳು ಅವನ ಮಗಳೇ ಆಗಿದ್ದು, ಆಗತಾನೆ ವಯಸ್ಸಿಗೆ ಬಂದವಳಾಗಿದ್ದರೆ, ಹೇಳುವುದು ಅವನ ಕರ್ತವ್ಯ. ನೀನು ಅಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿದೆಯೆಂದು ತಿಳಿಯುತ್ತೇನೆ ಎಂದು ಕೊಳ್ಳುವವನು ಹೇಳಿದ ಮೇಲೂ ಸುಮ್ಮನಿದ್ದರೆ ಆ ಮೌನ ಮಾತಿಗೆ ಸಮ. ನಾನು ಮಗಳೂ ಅಲ್ಲ, ಹಾಗೆ ಕೇಳಿದವನೂ ಅಲ್ಲ. ಪುಸ್ತಕ ಮುಚ್ಚಿದೆ.

ಹೊಸ ಫೋರ್ಕಿಗೆ ದುಡ್ಡು ಸುರಿಯಲು ಮನಸ್ಸಾಗದೆ ನಿಧಾನವಾಗಿಯೇ ಓಡಿಸಿಕೊಂಡಿದ್ದೆ. ಕಳೆದ ವರ್ಷ ಮಾರಲು ಹೊರಟೆ. ನೋಡಲು ಒಬ್ಬ ಯುವಕ ಹೆಂಡತಿಯೊಡನೆ ಬಂದ. ಅಷ್ಟು ಹೊತ್ತಿಗೆ ಎಂಜಿನ್ನಿಗೂ ಒಂದು ರೋಗ ಹತ್ತಿತ್ತು. ತಣ್ಣಗಿದ್ದಾಗ ಬೇಗ ಸ್ಟಾರ್ಟ್ ಆಗುತ್ತಿರಲಿಲ್ಲ. ಆದ್ದರಿಂದ ಅವರು ಬರುವ ಮುಂಚೆಯೇ ಹತ್ತು ನಿಮಿಷ ಓಡಿಸಿ ನಿಲ್ಲಿಸಿದ್ದೆ. ಅಂದರೆ ನನ್ನದು ಬರಿಯ ಮೌನವೂ ಆಗಿರಲಿಲ್ಲ.

ಯುವಕ ಎಂಜಿನ್ನಿನ ಹತ್ತಿರ ಕೈ ಹಿಡಿದು, "ಬಿಸಿ ಇದೆಯಲ್ಲ ಸಾರ್" ಎಂದ. ಅದರಲ್ಲಿ ಆಕ್ಷೇಪಣೆಯೇನೂ ಇರಲಿಲ್ಲ. ಬೆಳಿಗ್ಗೆ ಅಂಗಡಿಗೆ ಹೋಗಿದ್ದೆನೆಂಬ ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಆ ಹುಡುಗಿ ಹಿಂದಿನ ಸೀಟನ್ನು ಒತ್ತಿ ನೋಡಿ, "ಮಡಿಕೇರಿಯವರೆಗೂ ಕೂತ್ಕೊಂಡು ಹೋಗಬಹುದು" ಎಂದು ನಕ್ಕಳು.

ಮಡಿಕೇರಿಯ ತಿರುವುಗಳು ನನ್ನ ಕಣ್ಣಿಗೆ ಕಟ್ಟಿದವು. ಕೊಳ್ಳುವವನು ನಮಗೆ ಏನಾಗಬೇಕೆಂದು ಕಾನೂನು ವಿಚಾರಿಸುತ್ತದೆ. ಆತ ಕೊಳ್ಳುತ್ತಿರುವುದರ ಮೇಲೆ ಏನನ್ನು ಹೊರಿಸಲಿದ್ದಾನೆ ಎಂದು ಮನಸ್ಸು ವಿಚಾರಿಸಬೇಡವೆ? ಅವರ ಎರಡು ಜೀವಗಳು ಆ ಫೋರ್ಕನ್ನು ನಂಬಿ ಕೂರುವುದಾದರೆ, ಕಲಮಿನೊಳಗಿನ ಮಗಳಿಗೂ ಅವರಿಗೂ ಏನು ವ್ಯತ್ಯಾಸ?

ಫೋರ್ಕಿನದನ್ನೂ ಎಂಜಿನ್ನಿನದನ್ನೂ ಹೇಳಿಬಿಟ್ಟೆ. ಯೋಚಿಸಿ ತಿಳಿಸುತ್ತೇವೆಂದು ಹೋದವರು ಮತ್ತೆ ಬರಲಿಲ್ಲ. ಎರಡನ್ನೂ ರಿಪೇರಿ ಮಾಡಿಸಿ, ನಷ್ಟಕ್ಕೇ ಬೇರೊಬ್ಬರಿಗೆ ಮಾರಿದೆ.

ಇದನ್ನು ಹೊಗಳಿಕೆಗಾಗಿ ಬರೆಯುತ್ತಿಲ್ಲ. ಅವನು ಕೈಯೊಡ್ಡದಿದ್ದರೆ, ಅವಳು ನಗದಿದ್ದರೆ, ನಾನು ಹೇಳುತ್ತಿದ್ದೆನೆಂಬ ಧೈರ್ಯ ನನಗಿಲ್ಲ. ನಾನು ಕೊಳ್ಳುವಾಗ ಕೇಳದೆ ಇದ್ದುದಾದರೂ ಏಕೆ? ವಾಹನ ಮನಸ್ಸಿಗೆ ಹಿಡಿದಿತ್ತು. ಉತ್ತರ ಬಂದರೆ ಬಿಡಬೇಕಾದೀತೆಂಬ ಅಂಜಿಕೆ. ಆ ಮೌನದಲ್ಲಿ ನನ್ನ ಪಾಲೂ ಇತ್ತು. ಅಂದು ಬಾಯಿಬಿಟ್ಟು ಕೇಳಿದ್ದರೆ ಆ ಮರ್ಯಾದಸ್ಥರೂ ಹೇಳಿಬಿಡುತ್ತಿದ್ದರೇನೋ.