ಒಪ್ಪಿ ಬಂದವಳು

"ಅವಳೇ ಒಪ್ಪಿ ಬಂದಿದ್ದಾಳೆ, ಇದರಲ್ಲಿ ಮಾರಾಟದ ಮಾತೇಕೆ?" ಮನುಷ್ಯರ ಸಾಗಾಣಿಕೆಯ ವಿಷಯ ಬಂದಾಗ ನಮ್ಮ ಮುಂಬಯಿ ಕನ್ನಡಿಗರ ನಡುವೆಯೂ ಈ ಪ್ರಶ್ನೆ ಏಳುವುದುಂಟು. ಉತ್ತರ ಕರ್ನಾಟಕದಿಂದ ಕಾಮಾಠಿಪುರಕ್ಕೆ ಬಂದ ದೇವದಾಸಿಯರ ಮಾತು ನಮ್ಮದೇ ಕನ್ನಡ. ಮುತ್ತು ಕಟ್ಟುವುದನ್ನು ಕರ್ನಾಟಕ 1982ರ ಕಾಯಿದೆಯಿಂದ ನಿಷೇಧಿಸಿತು. ಏನೂ ಅರಿಯದ ಬಾಲೆ ಮುತ್ತಿಗೆ ಕೊರಳೊಡ್ಡಿದ್ದು ಒಪ್ಪಿಗೆಯೆ? ಹಸಿದ ಮನೆಯಲ್ಲಿ ತಂದೆ ಮುಂಗಡ ಹಣ ಎಣಿಸಿಕೊಂಡಿದ್ದು? 2013ರ ತಿದ್ದುಪಡಿಯೂ, 2024ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಬಲಿಯಾದವರ ಒಪ್ಪಿಗೆ ಲೆಕ್ಕಕ್ಕಿಲ್ಲವೆಂದು ಸ್ಪಷ್ಟವಾಗಿಯೇ ಹೇಳಿವೆ.

ಆದರೆ ನ್ಯಾಯಾಲಯ ಬರುವುದು ಕೊನೆಗೆ. ಬಸ್ಸು ಹತ್ತುವ ಮೊದಲೇ "ಯಾರ ಜೊತೆ, ಎಲ್ಲಿಗೆ, ಯಾವ ಕೆಲಸಕ್ಕೆ?" ಎಂದು ಕೇಳಬಲ್ಲದ್ದು ಊರಿನ ಪಂಚಾಯಿತಿ. ಅದಕ್ಕೆಂದೇ ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಕಾವಲು ಸಮಿತಿ ರಚಿಸುವ ವ್ಯವಸ್ಥೆಯಿದೆ. ಹಣವೂ ಸಿಬ್ಬಂದಿಯೂ ಇಲ್ಲದಿದ್ದರೆ ಅದು ಕಡತದೊಳಗೇ ಕಾವಲು ಕಾಯುತ್ತದೆ, ಅಷ್ಟೆ! ಮೇಲಾಗಿ ಕರೆದೊಯ್ಯುವವರು ಅಪರಿಚಿತರೇ ಆಗಬೇಕೆಂದಿಲ್ಲ. ಸೋದರಮಾವನೋ ಪಕ್ಕದ ಮನೆಯ ಅಕ್ಕನೋ ಆದರೆ ಕೇಳುವ ನಾಲಗೆ ಹಿಂಜರಿಯುತ್ತದೆ.

ಇಲ್ಲೊಂದು ತೊಡಕೂ ಉಂಟು. ನಾವೂ ಊರು ಬಿಟ್ಟವರೇ. ಅಂದು ಪಂಚಾಯಿತಿ ನಮ್ಮನ್ನು ತಡೆದಿದ್ದರೆ ಒಪ್ಪುತ್ತಿದ್ದೆವೆ? ದುಡಿಯಲು ಹೊರಟ ವಯಸ್ಕರನ್ನು ಪಂಚಾಯಿತಿ ತಡೆಯಬಾರದು; ವಿಳಾಸ ಬರೆದಿಟ್ಟುಕೊಂಡು, ತಿಂಗಳು ಕಳೆದ ಮೇಲೆ ವಿಚಾರಿಸಬೇಕು. ಮಕ್ಕಳ ವಿಷಯ ಬೇರೆ. ಹದಿನಾಲ್ಕು ತುಂಬದವರನ್ನು ಮನೆಗೆಲಸಕ್ಕಿಡುವುದು 2006ರಿಂದಲೇ ನಿಷಿದ್ಧ. "ಊರಿಂದ ಒಂದು ಸಣ್ಣ ಹುಡುಗಿಯನ್ನು ಕಳಿಸಿ, ಊಟ-ಬಟ್ಟೆ ನಾವು ನೋಡಿಕೊಳ್ಳುತ್ತೇವೆ" ಎಂದು ನಮ್ಮ ಮನೆಗಳಿಂದ ಫೋನು ಹೋದರೆ, ಆ ಕಾವಲು ಸಮಿತಿಯ ಪುಸ್ತಕದಲ್ಲಿ ಬರೆಯಬೇಕಾದ್ದು ನಮ್ಮ ಮನೆಯ ವಿಳಾಸವನ್ನೇ.